ಎದುರು ಪಕ್ಷದವರ ಅಂಗಡಿಯ ಕಾಫಿ ಪುಡಿ

ಮೊದಲು ಪುಡಿಯ ವಿಷಯ ಹೇಳಿಬಿಡುತ್ತೇನೆ, ರಾಜಕೀಯ ಆಮೇಲೆ.

ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಅಂಗಡಿಗೆ ಬರವಿಲ್ಲ. ಎಂ.ಜಿ. ರಸ್ತೆಯಲ್ಲಿ ಹತ್ತು ಹೆಜ್ಜೆ ಹಾಕಿದರೆ ಒಂದು ಸಿಗುತ್ತದೆ. ನಾನು ಹೇಳುತ್ತಿರುವುದು ಆ ಸಾಲಿನಲ್ಲಿಲ್ಲ, ರಸ್ತೆಯಿಂದ ಒಳಗೆ ತಿರುಗುವ ಒಂದು ಕ್ರಾಸಿನಲ್ಲಿದೆ. ಹೆಸರು ಹಾಕಬೇಡಿ ಅಂತ ಯಜಮಾನರೇ ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಹುರಿಯುವ ದಿನ ಹೋದರೆ ವಾಸನೆ ಹಿಡಿದೇ ಅಂಗಡಿ ಸೇರಬಹುದು.

ನಮ್ಮದು ನಾಲ್ಕು ಎಕರೆ ರೊಬಸ್ಟಾ ತೋಟ. ಮನೆಯ ಕಾಫಿಗೆ ಬೇಕಾದ ಅರೇಬಿಕಾ ಹೊರಗಿನಿಂದಲೇ ತರಬೇಕು. ಹಾಗಾಗಿ ಬೀಜ ನೋಡಿದರೆ ಒಂದಿಷ್ಟು ಗೊತ್ತಾಗುತ್ತದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಈ ಅಂಗಡಿಯಲ್ಲಿ ಬೀಜವನ್ನು ಡಬ್ಬದ ಮುಚ್ಚಳ ತೆಗೆದು ತೋರಿಸುತ್ತಾರೆ. ಒಡೆದದ್ದು, ಕಪ್ಪಾದದ್ದು ತುಂಬಾ ಕಡಿಮೆ. ಅಂಥ ಬೀಜ ಸೇರಿಸಿ ಕರ್ರಗೆ ಹುರಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಕಹಿಯಲ್ಲಿ ಎಲ್ಲಾ ಮುಚ್ಚಿಹೋಗುತ್ತದೆ. ಇವರು ಅಷ್ಟು ಹುರಿಯುವುದಿಲ್ಲ. ಬೀಜ ಕಂದು ಬಣ್ಣಕ್ಕೆ ಬಂದು ಮೇಲೆ ಎಣ್ಣೆ ಕಾಣಿಸಿಕೊಳ್ಳುವ ಮುಂಚೆಯೇ ಇಳಿಸಿ ಆರಲು ಹರಡುತ್ತಾರೆ. "ಫಿಲ್ಟರಿಗೋ, ಬಟ್ಟೇಲಿ ಸೋಸೋಕೋ?" ಅಂತ ಕೇಳಿ ಅದಕ್ಕೆ ತಕ್ಕಂತೆ ಪುಡಿ ಮಾಡಿಕೊಡುತ್ತಾರೆ. ನಮ್ಮ ಮನೆಯಲ್ಲಿ ಈಗಲೂ ಬಟ್ಟೆಯಲ್ಲೇ ಸೋಸುವುದು, ಬೆಳಗಿನದು ಬೆಲ್ಲದ ಕಾಫಿ. ಆ ಪುಡಿ ಸ್ವಲ್ಪ ನುಣ್ಣಗಿರಬೇಕು. ಇದನ್ನು ಕೇಳುವ ಅಂಗಡಿ ಈಗ ಎಷ್ಟಿದೆ ಹೇಳಿ.

ಇನ್ನೊಂದು, ಚಿಕೋರಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು ಅಂತ ಕಾನೂನು. ಅಂದರೆ 49ರವರೆಗೂ ಚಿಕೋರಿ ಹಾಕಿ ಮಾರಬಹುದು, ಅಷ್ಟು ಇದೆ ಅಂತ ಪೊಟ್ಟಣದ ಮೇಲೆ ಬರೆದರೆ ಸಾಕು. ಇವರು ಗಿರಾಕಿ ಕೇಳಿದಷ್ಟೇ ಹಾಕಿ, ಕಟ್ಟುವ ಮುಂಚೆ ಪೊಟ್ಟಣದ ಮೇಲೆ ನೀಲಿ ಪೆನ್ನಿನಲ್ಲಿ 80-20 ಅಂತಲೋ 70-30 ಅಂತಲೋ ದಪ್ಪಕ್ಕೆ ಬರೆಯುತ್ತಾರೆ. ಬರೆದು ನಮ್ಮ ಕಡೆ ತಿರುಗಿಸಿ ತೋರಿಸುತ್ತಾರೆ. ಆಮೇಲೆಯೇ ದಾರ.

ರೇಟು ಅಕ್ಕಪಕ್ಕದ ಅಂಗಡಿಗಳಿಗಿಂತ ಕೆಜಿಗೆ ಇಪ್ಪತ್ತು-ಮೂವತ್ತು ರೂಪಾಯಿ ಜಾಸ್ತಿ. ಕೊಡಬಹುದು.

ಈಗ ರಾಜಕೀಯ. ಈ ಅಂಗಡಿಗೆ ನಮ್ಮ ಮನೆಯವರು 1978ರಿಂದ ಕಾಲಿಟ್ಟಿರಲಿಲ್ಲ. ಆ ವರ್ಷ ಇಲ್ಲಿ ನಡೆದ ಉಪಚುನಾವಣೆ ದೇಶಕ್ಕೆಲ್ಲ ಗೊತ್ತು. ಡಿ.ಬಿ. ಚಂದ್ರೇಗೌಡರು ಲೋಕಸಭೆ ಸ್ಥಾನ ಬಿಟ್ಟುಕೊಟ್ಟರು, ಇಂದಿರಾ ಗಾಂಧಿ ಬಂದು ನಿಂತರು, ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಅಂಗಡಿಯ ಹಿರಿಯ ಯಜಮಾನರು, ಅಂದರೆ ಈಗಿನವರ ತಂದೆ, ಒಂದು ಕಡೆ. ನಮ್ಮಪ್ಪ ಇನ್ನೊಂದು ಕಡೆ. ಕೌಂಟರಿನ ಮುಂದೆಯೇ ಮಾತಿಗೆ ಮಾತು ಬೆಳೆದು, ತೂಕ ಮಾಡಿಟ್ಟಿದ್ದ ಪುಡಿಯನ್ನು ಅಲ್ಲೇ ಬಿಟ್ಟು ಅಪ್ಪ ಎದ್ದು ಬಂದರಂತೆ. ಅದೇ ಕೊನೆ. ಇಂದಿರಾ ಗೆದ್ದರು. ಅವರ ಎದುರು ನಿಂತಿದ್ದ ವೀರೇಂದ್ರ ಪಾಟೀಲರು ಮುಂದೆ ಅದೇ ಪಕ್ಷ ಸೇರಿ, 1989ರಲ್ಲಿ ಕಾಂಗ್ರೆಸ್ಸಿನಿಂದ ಮುಖ್ಯಮಂತ್ರಿಯೂ ಆದರು. ದೊಡ್ಡವರು ಒಂದಾದರು. ಅವರಿಗಾಗಿ ಜಗಳ ಆಡಿದ ನಮ್ಮ ಎರಡು ಮನೆಗಳು ಮಾತ್ರ ಒಂದಾಗಲಿಲ್ಲ. ಆಮೇಲೆ ಪಕ್ಷಗಳ ಹೆಸರು, ಬಾವುಟ, ಚಿಹ್ನೆ ಎಲ್ಲಾ ಬದಲಾದರೂ ನಾವು ಎದುರುಬದುರಾಗಿಯೇ ಉಳಿದೆವು. ಯಾವುದು ಯಾರ ಪಕ್ಷ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಅರ್ಧ ಜನ ಇಲ್ಲಿಗೇ ಓದುವುದು ನಿಲ್ಲಿಸುತ್ತಾರೆ.

ಈಗಿನ ಯಜಮಾನರು ಒಂದು ಅವಧಿಗೆ ಸ್ಥಳೀಯ ಸಂಸ್ಥೆಯೊಂದರ ಸದಸ್ಯರಾಗಿದ್ದರು. ಯಾವುದು, ಯಾವಾಗ ಎಂಬುದೂ ಬೇಡ ಎಂದಿದ್ದಾರೆ. ಬಡಾವಣೆ ಮಾಡುವಾಗ ಪಾರ್ಕಿಗೆ ಅಂತ ಬಿಟ್ಟಿದ್ದ ಒಂದು ಜಾಗ ಇತ್ತು. ಅಲ್ಲಿ ಮಳಿಗೆ ಕಟ್ಟಿ ಹರಾಜು ಹಾಕುವ ಪ್ರಸ್ತಾವ ಸಭೆಗೆ ಬಂತು. ತಂದವರು ಅವರ ಪಕ್ಷದವರೇ. ನಮ್ಮವರು ವಿರೋಧಿಸಿದರು. ನಿಜ ಹೇಳಬೇಕೆಂದರೆ ನಮ್ಮವರಲ್ಲಿ ಅರ್ಧ ಜನಕ್ಕೆ ಪಾರ್ಕಿನ ಚಿಂತೆ ಇರಲಿಲ್ಲ, ಎದುರಿನವರು ತಂದದ್ದು ಎಂಬುದೇ ಕಾರಣ. ಒಂದು ಮತದ ಅಂತರ. ಅವರ ಪಕ್ಷ ವಿಪ್ ಹೊರಡಿಸಿತು, ಅಂದರೆ ಸದಸ್ಯರೆಲ್ಲ ಹೀಗೇ ಮತ ಹಾಕಬೇಕು ಎಂಬ ಆದೇಶ. ಸ್ಥಳೀಯ ಸಂಸ್ಥೆಗಳಿಗೂ 1987ರಿಂದ ನಮ್ಮ ರಾಜ್ಯದಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ಅಂಗಡಿ ಬಾಗಿಲು ಹಾಕಿದ್ದ ಹೊತ್ತಿನಲ್ಲಿ ಶಟರಿಗೆ ಆ ಕಾಗದ ಅಂಟಿಸಿ ಹೋಗಿದ್ದರು. ಗೋಂದಿನ ಗುರುತು ಈಗಲೂ ಇದೆ, ಎಡಗಡೆ, ಬೀಗದ ಮೇಲೆ. ಶಟರ್ ಇಳಿಸಿದಾಗ ನೋಡಿ.

ಸಭೆಯ ದಿನ ನಾನೂ ಹೋಗಿದ್ದೆ, ಹಿಂದೆ ಸಾರ್ವಜನಿಕರ ಜಾಗದಲ್ಲಿ ನಿಂತಿದ್ದೆ. ಪ್ರಸ್ತಾವದ ಪರ ಇರುವವರು ಕೈ ಎತ್ತಿ ಎಂದಾಗ ಅವರ ಸಾಲಿನಲ್ಲಿ ಎಲ್ಲರೂ ಎತ್ತಿದರು, ಇವರೊಬ್ಬರು ಎತ್ತಲಿಲ್ಲ. ವಿರೋಧ ಇರುವವರು ಎಂದಾಗ ಎತ್ತಿದರು. ಕೈ ಪೂರ್ತಿ ಮೇಲಕ್ಕೆ ಹೋಗಲಿಲ್ಲ, ಭುಜದಷ್ಟು ಎತ್ತರಕ್ಕೆ ಬಂದು ನಿಂತಿತು, ಬೆರಳು ನಡುಗುತ್ತಿತ್ತು. ಪಕ್ಕದಲ್ಲಿ ಕೂತವರು ಅಂಗಿ ಹಿಡಿದು ಎಳೆದರು. ಕೈ ಇಳಿಸಲಿಲ್ಲ. ನಮ್ಮವರು ಮೇಜು ಕುಟ್ಟಿ ಕೂಗಿದರು. ಅವರು ನಮ್ಮ ಕಡೆ ತಿರುಗಿ, "ಕೂಗಬೇಡಿ, ನಾನು ನಿಮ್ಮ ಕಡೆ ಬಂದಿಲ್ಲ. ಆ ಜಾಗ ಪಾರ್ಕಿಗೆ ಬಿಟ್ಟಿದ್ದು, ಅಷ್ಟೇ" ಎಂದರು.

ಮಾರನೆಯ ದಿನ ನಮ್ಮ ಮುಖಂಡರು ಶಾಲು, ಹಾರ ಹಿಡಿದು ಅಂಗಡಿಗೆ ಹೊರಟರು. ನಾನೂ ಹೋದೆ. ನಮ್ಮಪ್ಪ ಬಿಟ್ಟುಬಂದ ಅಂಗಡಿಗೆ ಅಷ್ಟು ವರ್ಷದ ಮೇಲೆ ನಾನು ಕಾಲಿಟ್ಟದ್ದು ಹಾಗೆ. ನಮ್ಮ ಪಕ್ಷಕ್ಕೆ ಬನ್ನಿ, ಮುಂದಿನ ಸಲ ಟಿಕೆಟ್ ನಮ್ಮದು ಎಂದರು. ಅವರು ಎಲ್ಲರಿಗೂ ಕಾಫಿ ಕೊಟ್ಟರು. ಶಾಲನ್ನು ಮಡಿಚಿ ನಮ್ಮ ಅಧ್ಯಕ್ಷರ ಕೈಗೇ ವಾಪಸ್ ಇಟ್ಟರು. "ನಾಳೆ ನಿಮ್ಮ ಶಾಲು ಹೊದ್ದುಕೊಂಡರೆ ನಿನ್ನೆ ಎತ್ತಿದ ಕೈಗೆ ಏನು ಬೆಲೆ ಸ್ವಾಮಿ? ಇದಕ್ಕೇ ಎತ್ತಿದ್ದ ಅಂತಾರೆ" ಎಂದರು. ಗೋಡೆಯ ಮೇಲೆ ಅವರ ನಾಯಕರ ಫೋಟೋ ಇತ್ತು. ಈಗಲೂ ಇದೆ.

ನನ್ನ ತಲೆಯಲ್ಲಿ ಕೂತದ್ದು ಆ ಮಾತು. ಎದುರು ಪಕ್ಷದಲ್ಲಿ ಒಬ್ಬ ನಿಯತ್ತಿನ ಮನುಷ್ಯ ಕಂಡರೆ ನಮಗೆ ತಕ್ಷಣ ಬರುವ ಆಸೆ ಏನು? ಅವರನ್ನು ನಮ್ಮ ಕಡೆ ಎಳೆದುಕೊಳ್ಳಬೇಕು ಅಂತ. ಅದೇ ತಪ್ಪು ಅಂತ ನನಗೆ ಈಗ ಅನ್ನಿಸುತ್ತದೆ. ಅವರು ಅಲ್ಲೇ ಇರಬೇಕು. ಅಲ್ಲಿದ್ದು ಇಲ್ಲ ಎಂದರೆ ಮಾತ್ರ ಆ ಇಲ್ಲಕ್ಕೆ ತೂಕ. ನಮ್ಮ ಕಡೆ ಬಂದು ಕೂತ ಮೇಲೆ ಅದೇ ಮಾತನ್ನು ನಮ್ಮ ಯಾವ ಸದಸ್ಯನೂ ಹೇಳುತ್ತಾನೆ. ಹಾಗಂತ ಅವರಿಗೂ ನಮಗೂ ಸಂಬಂಧವಿಲ್ಲ, ಅವರ ಪಾಡು ಅವರಿಗೆ ಎಂದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಯಾಕೆಂದರೆ ಅವರು ಉಳಿಸಿದ ಪಾರ್ಕಿನಲ್ಲಿ ನಮ್ಮ ಮಕ್ಕಳೂ ಆಡುತ್ತಿದ್ದಾರೆ.

ನಮ್ಮ ರಾಜ್ಯದಲ್ಲಿ ಪಕ್ಷದ ಮಾತು ಮೀರಿದವರನ್ನು ನಂಬುವುದು ಕಷ್ಟ, ಒಪ್ಪುತ್ತೇನೆ. 2019ರಲ್ಲಿ ಸರ್ಕಾರ ಬಿತ್ತು, 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹಲವರು ಎದುರು ಪಕ್ಷದಿಂದ ನಿಂತು ಗೆದ್ದರು, 2020ರ ಫೆಬ್ರವರಿಯಲ್ಲಿ ಹತ್ತು ಜನ ಮಂತ್ರಿಗಳಾದರು. ಅವರವರ ಕಾರಣಗಳು ಅವರವರಿಗೆ ಇರಬಹುದು. ಆದರೆ ಇದನ್ನೆಲ್ಲ ನೋಡಿದ ಜನ, ಪಕ್ಷದ ವಿರುದ್ಧ ಯಾರು ಬಾಯಿ ತೆರೆದರೂ "ಎಷ್ಟಕ್ಕೆ?" ಅಂತಲೇ ಕೇಳುತ್ತಾರೆ. ಅದರಲ್ಲಿ ಜನರ ತಪ್ಪಿಲ್ಲ. ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಮಾತು ಮೀರಿದ ಮೇಲೆ ಅವರಿಗೆ ಸಿಕ್ಕಿದ್ದೇನು, ಹೋದದ್ದೇನು? ಸೋಮನಾಥ ಚಟರ್ಜಿ ನೆನಪಾಗುತ್ತಾರೆ. 2008ರಲ್ಲಿ ಅವರ ಪಕ್ಷ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ವಾಪಸ್ ತೆಗೆದುಕೊಂಡು, ಲೋಕಸಭೆಯ ಸ್ಪೀಕರ್ ಸ್ಥಾನ ಬಿಡಿ ಎಂದಿತು. ಸ್ಪೀಕರ್ ಯಾವ ಪಕ್ಷಕ್ಕೂ ಸೇರಿದವನಲ್ಲ ಎಂದು ಅವರು ಕುರ್ಚಿಯಲ್ಲೇ ಉಳಿದರು. ಜುಲೈ 22ಕ್ಕೆ ವಿಶ್ವಾಸಮತ, 23ಕ್ಕೆ ಪಕ್ಷದಿಂದ ಉಚ್ಚಾಟನೆ. ದಶಕಗಳ ಕಾಲ ಇದ್ದ ಪಕ್ಷ ಅದು. ಆಮೇಲೆ ಇನ್ನೊಂದು ಪಕ್ಷದ ಬಾಗಿಲಿಗೆ ಅವರು ಹೋಗಲಿಲ್ಲ.

ನಮ್ಮ ಯಜಮಾನರಿಗೆ ಏನು ಹೋಯಿತು ಅಂತ ನಾನೇ ಕಣ್ಣಾರೆ ನೋಡಿದ್ದೇನೆ. ಸದಸ್ಯತ್ವ ರದ್ದು ಮಾಡಿ ಅಂತ ದೂರು ಹೋಯಿತು, ಅದು ತೀರ್ಮಾನವಾಗುವಷ್ಟರಲ್ಲಿ ಅವಧಿಯೇ ಮುಗಿಯಿತು. ಟಿಕೆಟ್ ಬೇರೆಯವರಿಗೆ. ಅದು ಹೋಗಲಿ, ವ್ಯಾಪಾರ ಬಿತ್ತು. ಅವರ ಪಕ್ಷದ ಮನೆಗಳ ಮದುವೆ, ಗೃಹಪ್ರವೇಶ ಎಲ್ಲಕ್ಕೂ ಪುಡಿ ಇಲ್ಲಿಂದಲೇ ಹೋಗುತ್ತಿತ್ತು. ಒಂದೊಂದೇ ಆರ್ಡರ್ ನಿಂತಿತು. ಮೊದಲು ವಾರಕ್ಕೆ ಮೂರು ದಿನ ಹುರಿಯುತ್ತಿದ್ದರು, ಈಗ ಒಂದೇ ದಿನ. ಕೆಲಸಕ್ಕಿದ್ದ ಇಬ್ಬರಲ್ಲಿ ಒಬ್ಬನನ್ನು ಕಳಿಸಿದರು. ಮೇಜು ಕುಟ್ಟಿದ ನಮ್ಮವರು? ಶಾಲು ವಾಪಸ್ ಬಂದ ಮೇಲೆ ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಸಿಟ್ಟು ಬರುವುದು ನನಗೆ ಇಲ್ಲೇ. ಅವನ ಮತ ಬೇಕಿತ್ತು, ಮತ ಸಿಕ್ಕಿತು, ಮನುಷ್ಯ ಏನಾದ ಅಂತ ಕೇಳುವವರಿಲ್ಲ. ಹೀಗೆ ಮಾಡಿದರೆ ಮುಂದಿನ ಸಲ ಯಾವ ಪಕ್ಷದಲ್ಲಿ ಯಾರು ಕೈ ಎತ್ತುತ್ತಾರೆ?

ಮಗಳ ಮದುವೆಗೆ ನಾನು ಎಂಟು ಕೆಜಿ ಪುಡಿ ಇಲ್ಲೇ ಹೇಳಿದೆ. ನಮ್ಮ ಪಕ್ಷದ ಹುಡುಗರು ಮನೆಗೇ ಬಂದು ಕೇಳಿದರು, "ಏನ್ ಗೌಡ್ರೇ, ನಮ್ಮವರ ಅಂಗಡಿ ಇರಲಿಲ್ವಾ?" ಒಬ್ಬನಂತೂ ಗಟ್ಟಿ ಮಾತೇ ಆಡಿದ: ಇಂಥವರನ್ನು ಹೊಗಳಿದರೆ ಲಾಭ ಅವರ ಪಕ್ಷಕ್ಕೇ, ಒಬ್ಬ ಒಳ್ಳೆಯವನನ್ನು ಮುಂದಿಟ್ಟುಕೊಂಡು ಉಳಿದವರೆಲ್ಲ ಹಿಂದೆ ನಿಂತು ಗೆಲ್ಲುತ್ತಾರೆ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಅಂಥದ್ದು ಬೇಕಾದಷ್ಟು ನಡೆದಿದೆ. ಆದರೆ ಇಲ್ಲಿ ಅವರನ್ನು ಮುಂದಿಟ್ಟುಕೊಳ್ಳುವುದಿರಲಿ, ಸಭೆ-ಸಮಾರಂಭಕ್ಕೂ ಕರೆಯುತ್ತಿಲ್ಲ. ಆ ಹುಡುಗನಿಗೆ ಅದನ್ನೇ ಹೇಳಿದೆ. ಅವನು ಒಪ್ಪಲಿಲ್ಲ, ಮದುವೆಗೆ ಬಂದ, ಕಾಫಿ ಎರಡು ಸಲ ಕುಡಿದ.

ಮತದ ವಿಷಯವನ್ನೂ ನೇರವಾಗಿ ಹೇಳುತ್ತೇನೆ. ಮುಂದಿನ ಸಲ ಅವರು ಪಕ್ಷೇತರರಾಗಿ ನಿಂತರೆ ನನ್ನ ವಾರ್ಡಿನ ಮತ ಅವರಿಗೆ. ಮೋರಿ, ನೀರು, ಪಾರ್ಕು, ಬೀದಿದೀಪ, ಇದರಲ್ಲಿ ನನಗೂ ಅವರಿಗೂ ಭೇದವಿಲ್ಲ. ನಮ್ಮ ಪಕ್ಷದವರು ಬೈದರೂ ಸರಿ. ವಿಧಾನಸಭೆಗೋ ಲೋಕಸಭೆಗೋ ಅವರ ಪಕ್ಷದ ಪರ ಮತ ಕೇಳಲು ಅವರೇ ಬಂದು ನಿಂತರೂ ನಾನು ಹಾಕುವುದಿಲ್ಲ. ಇದನ್ನು ಅವರಿಗೇ ಹೇಳಿದ್ದೇನೆ. ದೇಶ ಹೇಗೆ ನಡೆಯಬೇಕು ಎಂಬುದರಲ್ಲಿ ನಮ್ಮಿಬ್ಬರ ದಾರಿ ಬೇರೆ. ಕೌಂಟರಿನ ಮುಂದೆ ನಿಂತು ಅರ್ಧ ಗಂಟೆ ವಾದ ಮಾಡಿದ್ದೂ ಇದೆ, ದನಿ ಏರಿದ್ದೂ ಇದೆ. ಆದರೆ ತೂಕ ಮಾಡಿದ ಪುಡಿಯನ್ನು ನಾನು ಬಿಟ್ಟು ಬಂದಿಲ್ಲ.

ಇಬ್ಬರು ಸ್ನೇಹಿತರು ಕೇಳಿದರು: ಅವರು ಪಕ್ಷದ ಮಾತು ಕೇಳದೆ ಇದ್ದದ್ದು ನಮ್ಮ ಪರವಾಗಿ ಬಂತು, ಅದಕ್ಕೇ ನಿನಗೆ ಇಷ್ಟು ಪ್ರೀತಿ. ನಮ್ಮ ಪಕ್ಷದಲ್ಲೇ ಯಾರಾದರೂ ಹೀಗೆ ಮಾಡಿದ್ದರೆ? ಸರಿಯಾದ ಪ್ರಶ್ನೆ. ವಿಪ್ ಮೀರಿದರೆ ಸ್ಥಾನ ಹೋಗುವ ಕಾನೂನು ಸುಮ್ನೆ ಬಂದದ್ದಲ್ಲ. 1967ರಲ್ಲಿ ಹರಿಯಾಣದ ಶಾಸಕರೊಬ್ಬರು ಕೆಲವೇ ದಿನಗಳಲ್ಲಿ ಮೂರು ಸಲ ಪಕ್ಷ ಬದಲಿಸಿದ್ದು, ಆಯಾ ರಾಮ್ ಗಯಾ ರಾಮ್ ಅನ್ನುವ ಮಾತು ಹುಟ್ಟಿದ್ದು, ಅಂಥದ್ದೆಲ್ಲ ಬೆಳೆದು 1985ರಲ್ಲಿ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಸೇರಿತು. ಮಾರಿಕೊಂಡವರನ್ನು ಹಿಡಿಯಲು ಬೀಸಿದ ಬಲೆ ಅದು. ಮನಸ್ಸು ಒಪ್ಪದೆ ಕೈ ಎತ್ತಿದವರೂ ಅದೇ ಬಲೆಗೆ ಬೀಳುತ್ತಾರೆ. ಆದರೂ ಕಾನೂನು ಒಂದು ಕಿಂಡಿ ಬಿಟ್ಟಿದೆ, ವಿಪ್ ಮೀರಿದವರನ್ನು 15 ದಿನದೊಳಗೆ ಪಕ್ಷವೇ ಮನ್ನಿಸಬಹುದು. ನಮ್ಮ ಪಕ್ಷದಲ್ಲಿ ಒಬ್ಬರು ಇಂಥ ಕಾರಣಕ್ಕೆ ಕೈ ಎತ್ತಿದರೆ ಆ ಕ್ಷಮೆ ಕೊಡಿಸಲು ನಾನು ಮೊದಲು ಹೋಗಿ ಜಗಳ ಆಡುತ್ತೇನೆ. ಬರೆದಿಟ್ಟಿದ್ದೇನೆ, ಆ ದಿನ ಬಂದರೆ ನೀವು ನನ್ನನ್ನು ಕೇಳಬಹುದು.

ಪುಡಿಗೆ ವಾಪಸ್ ಬರೋಣ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದಕ್ಕೆ ಕಾರಣ ಪೊಟ್ಟಣ. ಕಾಗದದ್ದು, ಒಳಗೆ ತೆಳು ಪ್ಲಾಸ್ಟಿಕ್, ಮಳೆಗಾಲದಲ್ಲಿ ನಾಲ್ಕೇ ದಿನಕ್ಕೆ ಪುಡಿ ತಂಪು ಹಿಡಿದು ಗಂಟು ಕಟ್ಟುತ್ತದೆ. ಮನೆಗೆ ಹೋದ ತಕ್ಷಣ ಸ್ಟೀಲ್ ಡಬ್ಬಿಗೆ ಹಾಕಿಕೊಳ್ಳಿ, ಕಾಲು ಕೆಜಿಗಿಂತ ಜಾಸ್ತಿ ಒಟ್ಟಿಗೆ ತರಬೇಡಿ. ಕಡು ಕಹಿ, ಕಪ್ಪು ಡಿಕಾಕ್ಷನ್ ಬೇಕು ಎನ್ನುವವರಿಗೆ ಈ ಹುರಿ ಸಾಲದು. ಹೊರಗಿನ ಬೀಜ ತಂದರೆ ಪುಡಿ ಮಾಡಿಕೊಡುವುದಿಲ್ಲ, ಕೇಳಿ ಬೇಜಾರಾಗಬೇಡಿ. ಫೋನ್‌ನಲ್ಲಿ ದುಡ್ಡು ಹಾಕಬಹುದು. ಹುರಿಯುವುದು ಮಂಗಳವಾರ ಮಧ್ಯಾಹ್ನ. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆದ ಕೂಡಲೇ ಹೋದರೆ ತಾಜಾ ಸಿಗುತ್ತದೆ. ಮದುವೆ ಆರ್ಡರ್ ಇದ್ದರೆ ಒಂದು ವಾರ ಮುಂಚೆ ಹೇಳಿ, ಈಗ ಅವರ ಹತ್ತಿರ ಕೆಲಸಕ್ಕಿರುವುದು ಒಬ್ಬನೇ ಹುಡುಗ.