ಒಂದೇ ಫೋಟೋ, ನಾಲ್ಕು ಕಡೆ ತೋರಿಸಿ ನೋಡಿದೆ

ಉಡುಪಿಯಲ್ಲಿ ನಾವು ಆರು ಜನ, ಭಾನುವಾರ ಬಂತೆಂದರೆ ಕ್ಯಾಮೆರಾ ಹಿಡ್ಕೊಂಡು ಹೊರಡುವವರು. ಒಬ್ಬರು ಬ್ಯಾಂಕು, ಒಬ್ಬರು ಮೆಡಿಕಲ್ ಶಾಪು, ಒಬ್ಬರು ರಿಟೈರ್ ಆದ ಡ್ರಾಯಿಂಗ್ ಮಾಷ್ಟ್ರು. ಯಾರಿಗೂ ಇದು ಹೊಟ್ಟೆಪಾಡಲ್ಲ. ಫೋಟೋ ತೆಗೆಯುವಾಗ ನಮ್ಮಲ್ಲಿ ಜಗಳ ಇಲ್ಲ. ತೆಗೆದದ್ದನ್ನು ಒಬ್ಬರಿಗೊಬ್ಬರು ಎಲ್ಲಿ ತೋರಿಸುವುದು ಅನ್ನುವುದಕ್ಕೇ ಜಗಳ. ಒಬ್ಬನಿಗೆ ವಾಟ್ಸಾಪ್ ಸಾಕು, ಇನ್ನೊಬ್ಬನಿಗೆ ಇನ್‌ಸ್ಟಾಗ್ರಾಮ್ ಬೇಕು, ನನಗೆ ಫ್ಲಿಕರ್ ಅನ್ನುವ ಹಳೇ ಫೋಟೋ ವೆಬ್‌ಸೈಟಿನ ಮೇಲೆ ಪ್ರೀತಿ, ಮಾಷ್ಟ್ರಿಗೆ ಕಾಗದವೇ ಆಗಬೇಕು. ಸರಿ, ಎರಡು ಫೋಟೋ ಆರಿಸಿ ನಾಲ್ಕೂ ಕಡೆ ತೋರಿಸಿ ನೋಡಿದೆ.

ಒಂದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ. 1430ರದ್ದು. ಒಂದು ಕಂಬದ ಕೆತ್ತನೆ ಇನ್ನೊಂದರ ಹಾಗಿಲ್ಲ ಅಂತಾರೆ. ಮಳೆ ನಿಂತ ಮೇಲೆ, ಒದ್ದೆ ಕಲ್ಲಿನ ನೆಲದ ಸಮೇತ ಉದ್ದಕ್ಕೆ ತೆಗೆದದ್ದು. ಇನ್ನೊಂದು ಕೋಡಿ ಬೆಂಗ್ರೆ, ನದಿ ಸಮುದ್ರ ಸೇರುವ ಜಾಗ. ಅಡ್ಡ ಫೋಟೋ. ಒಂದು ಸಣ್ಣ ದೋಣಿ, ಮಿಕ್ಕಿದ್ದೆಲ್ಲ ಮೋಡ. ಎರಡೂ ಉದ್ದದ ಬದಿಯಲ್ಲಿ 6000 ಪಿಕ್ಸೆಲ್.

ವಾಟ್ಸಾಪ್‌ನಲ್ಲಿ ಹಾಕಿ ಒಂದು ನಿಮಿಷ ಆಗಿರಲಿಲ್ಲ, ನಾಲ್ಕು ಹೆಬ್ಬೆರಳು ಬಂತು. ಐದನೆಯವರು ‘ಸೂಪರ್’ ಅಂದರು. ಅಷ್ಟರಲ್ಲಿ ಯಾರದ್ದೋ ಶುಭೋದಯದ ಗುಲಾಬಿ ಬಂದು ಬಸದಿ ಮೇಲಕ್ಕೆ ಹೋಯ್ತು. ನಾನು ಕಳಿಸಿದ ಫೈಲನ್ನೇ ವಾಪಸ್ ಇಳಿಸಿ ನೋಡಿದರೆ 6000 ಇದ್ದದ್ದು 1600 ಆಗಿತ್ತು. ಕಂಬದ ಮೇಲಿನ ಹೂಬಳ್ಳಿ ಸಾಬೂನು ಹಚ್ಚಿ ಉಜ್ಜಿದ ಹಾಗೆ. ಬೆಂಗ್ರೆಯ ಮೋಡ ಇನ್ನೂ ಕಷ್ಟ, ಬೂದಿ ಬಣ್ಣ ಮೆಲ್ಲಗೆ ಕಪ್ಪಾಗುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಒತ್ತಿದರೆ ಎಷ್ಟೋ ವಾಸಿ. ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. ಆದರೆ ಡಾಕ್ಯುಮೆಂಟ್ ಅಂದ ಕೂಡಲೇ ನಮ್ಮವರು ಯಾರೂ ತೆರೆಯುವುದಿಲ್ಲ, ಸೊಸೈಟಿ ನೋಟಿಸು ಅಂದುಕೊಳ್ಳುತ್ತಾರೋ ಏನೋ.

ಇನ್‌ಸ್ಟಾಗ್ರಾಮ್ ಬಗ್ಗೆ ಜಾಸ್ತಿ ಹೇಳಲಿಕ್ಕೆ ಇಲ್ಲ. ಲೈಕ್ ಸಿಕ್ಕಿದ್ದು ಅಲ್ಲೇ ಹೆಚ್ಚು, ಅದೂ ಕಾಲೇಜಿನ ಗೆಳೆಯರದ್ದು, ದುಬೈಯಲ್ಲಿರುವ ಭಾವನದ್ದು. ಬೆಂಗ್ರೆ ಅಡ್ಡ ಇದ್ದ ಕಾರಣ ಫೋನಿನಲ್ಲಿ ಒಂದು ಪಟ್ಟಿಯಷ್ಟೇ ಕಂಡಿತು, ದೋಣಿ ಸಾಸಿವೆ ಕಾಳು. ಬಸದಿಯನ್ನು ಅಲ್ಲಿಯ ಅಳತೆಗೆ ಕತ್ತರಿಸಬೇಕಾಯಿತು. ಹೋದದ್ದು ಯಾವುದು? ನಾನು ಮಳೆ ನಿಲ್ಲುವವರೆಗೆ ಕಾದದ್ದು ಯಾವುದಕ್ಕೋ ಅದೇ, ಆ ಒದ್ದೆ ನೆಲ.

ಫ್ಲಿಕರ್‌ನಲ್ಲಿ ಫೋಟೋ ಚೆನ್ನಾಗಿ ಉಳಿಯಿತು. ದೊಡ್ಡದು ಮಾಡಿ ನೋಡಬಹುದು. ಯಾವ ಲೆನ್ಸು, ಶಟರ್ ಎಷ್ಟು ಹೊತ್ತು ತೆರೆದಿತ್ತು ಅಂತ ಪಕ್ಕದಲ್ಲೇ ಇರುತ್ತದೆ, ಕಲಿಯುವವರಿಗೆ ಅದು ದೊಡ್ಡ ಉಪಕಾರ. ದುಡ್ಡು ಕೊಡದಿದ್ದರೆ 1000 ಫೋಟೋ ಮಿತಿ, ನನಗೆ ಅದು ಧಾರಾಳ. ತೊಂದರೆ ಏನಂದ್ರೆ ನಮ್ಮ ಆರರಲ್ಲಿ ಅಲ್ಲಿ ಇರುವುದು ಇಬ್ಬರು. ಮಿಕ್ಕವರೆಲ್ಲ ದೂರದ ಅಪರಿಚಿತರು. ಕೆಲವು ಗುಂಪುಗಳಲ್ಲಿ ಒಂದು ಫೋಟೋ ಹಾಕಿದರೆ ಬೇರೆಯವರ ಫೋಟೋಗೆ ಹೊಗಳಿಕೆ ಬರೆಯಲೇಬೇಕು ಅಂತ ನಿಯಮ. ಹೊಗಳಿಕೆಯ ಮುಯ್ಯಿ ಅದು, ಮದುವೆಮನೆಯ ಮುಯ್ಯಿಯ ಹಾಗೇ.

ಉಳಿದದ್ದು ಮಾಷ್ಟ್ರ ಕಾಗದ. 8x12 ಇಂಚಿನ ಪ್ರಿಂಟು, ಇಂಚಿಗೆ 300 ಚುಕ್ಕೆ ಲೆಕ್ಕ ಹಿಡಿದರೂ 2400x3600 ಪಿಕ್ಸೆಲ್ ಸಾಕು. ಬೆಂಗ್ರೆ ಎಷ್ಟು ಕಪ್ಪಾಗಿ ಬಂತೆಂದರೆ ದೋಣಿಯೇ ಇಲ್ಲ. ಸ್ಟುಡಿಯೋದವರನ್ನು ಮನಸ್ಸಿನಲ್ಲೇ ಬೈದೆ. ಮನೆಗೆ ಬಂದು ನೋಡಿದರೆ ತಪ್ಪು ನಂದೇ, ಕಂಪ್ಯೂಟರ್ ಪರದೆಯ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟು ತಿದ್ದಿದ್ದೆ. ಕಾಗದಕ್ಕೆ ಒಳಗಿನಿಂದ ಬೆಳಕು ಬರುವುದಿಲ್ಲ ಅಲ್ವಾ. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಮತ್ತೆ ತಿದ್ದಿ, ಎರಡನೇ ಸಲ ಹಾಕಿಸಿದೆ. ಹೊಳೆಯುವ ಗ್ಲಾಸಿ ಕಾಗದ ಬೇಡ, ಹೊಳಪಿಲ್ಲದ ಮ್ಯಾಟ್ ಹಾಕಿಸಿ. ನಾವು ಸೇರುವ ಹೋಟೆಲಿನ ಟ್ಯೂಬ್‌ಲೈಟ್ ಗ್ಲಾಸಿಯಲ್ಲಿ ಬಿಳಿ ಕೋಲಿನ ಹಾಗೆ ಹೊಳೆಯುತ್ತದೆ.

ಗೋಳಿಬಜೆ ಪ್ಲೇಟುಗಳನ್ನು ಬದಿಗೆ ಸರಿಸಿ ಬಸದಿಯನ್ನು ಮೇಜಿನ ಮೇಲಿಟ್ಟೆ. ಹೆಬ್ಬೆರಳು ತೋರಿಸಿದವರೇ ಎಲ್ಲರೂ. ಈಗ ಯಾರೂ ಮಾತಾಡಲಿಲ್ಲ. ಮೆಡಿಕಲ್ ಶಾಪಿನವರು ಕನ್ನಡಕ ತೆಗೆದು ಹತ್ತಿರ ಬಗ್ಗಿದರು. ಮಾಷ್ಟ್ರು ಪಕ್ಕದ ಮೇಜಿನಿಂದ ನ್ಯೂಸ್‌ಪೇಪರ್ ಎಳೆದು, ಅದರ ಅಂಚನ್ನು ಎಡಗಡೆಯ ಕಂಬದ ಪಕ್ಕ ಇಟ್ಟರು.

“ಎಂತ ಮಾರಾಯಾ, ಕಂಬ ಎಲ್ಲ ಹಿಂದಕ್ಕೆ ಬೀಳ್ತಾ ಉಂಟಲ್ಲ?”

ಹೌದು. ಬುಡದಲ್ಲಿ ಅಂಚಿಗೆ ತಾಗಿದ್ದ ಕಂಬ ತುದಿಗೆ ಹೋಗುವಾಗ ಒಂದು ಬೆರಳು ಒಳಗೆ ವಾಲಿತ್ತು. ಮಾಡು ಪೂರ್ತಿ ಬರಲಿ ಅಂತ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ್ದೆ, ಅದರ ಫಲ. ಹಿಂದೆ ಸರಿದು ಕ್ಯಾಮೆರಾವನ್ನು ನೆಟ್ಟಗೆ ಹಿಡಿದಿದ್ದರೆ ಹೀಗೆ ಆಗುತ್ತಿರಲಿಲ್ಲ. ಮೂರು ಕಡೆ ಇಷ್ಟೊಂದು ಜನ ನೋಡಿದ್ದರು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ನನ್ನ ಕಣ್ಣಿಗೂ. ಆ ಮೇಲೆ ಅರ್ಧ ಗಂಟೆ ಅದೇ ಮಾತು. ಚಾ ಎರಡನೇ ಸಲ ಬಂತು.

ಹಾಗಂತ ಪ್ರಿಂಟು ಸುಲಭದ್ದಲ್ಲ. ಒಂದಕ್ಕೆ ಎರಡು ಪ್ಲೇಟ್ ಗೋಳಿಬಜೆಯ ದುಡ್ಡು ಹೋಗುತ್ತದೆ. ಮಳೆಗಾಲದಲ್ಲಿ ಕವರಿನೊಳಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಸದಿಯ ಮೂಲೆಯಲ್ಲಿ ಈಗ ಒಂದು ಎಣ್ಣೆ ಕಲೆಯೂ ಉಂಟು. ಅದಕ್ಕೇ ತಿಂಗಳಿಗೆ ತಲೆಗೊಂದೇ ಪ್ರಿಂಟು ಅಂತ ಮಾಡಿಕೊಂಡಿದ್ದೇವೆ. ಆ ಒಂದನ್ನು ಆರಿಸುವ ತಲೆಬಿಸಿಯೇ ಬೇರೆ. ವಾಟ್ಸಾಪ್ ಗುಂಪು ಎಷ್ಟು ಗಂಟೆಗೆ, ಎಲ್ಲಿ ಸೇರುವುದು ಅನ್ನುವುದಕ್ಕೆ ಉಳಿದಿದೆ.

ಈ ಭಾನುವಾರ ಕಾಪು ದೀಪಸ್ತಂಭ. 1901ರದ್ದು, ಬಂಡೆಯ ಮೇಲೆ ನೆಟ್ಟಗೆ ನಿಂತಿದೆ, ವಾಲಿದರೆ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ನಿನ್ನೆ ರಾತ್ರಿ ಮಾಷ್ಟ್ರ ಫೋನು ಬಂತು.

“ನಿನ್ನ ಟ್ರೈಪಾಡಿನಲ್ಲಿ ರಸಮಟ್ಟ ಉಂಟಾ? ಇಲ್ಲದಿದ್ರೆ ಹೇಳು, ಪಕ್ಕದ ಮನೆ ಮೇಸ್ತ್ರಿಯದ್ದು ತರ್ತೇನೆ.”