ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್: ಜ್ವರಕ್ಕೆ ಯಾವುದು?

ಜ್ವರ ಇಳಿಸುವುದರಲ್ಲಿ ಎರಡೂ ಸಮರ್ಥವೇ. ಆಯ್ಕೆ ಮಾಡುವವರು ನೋಡಬೇಕಾದದ್ದು, ಯಾವುದು ಯಾರಿಗೆ ತೊಂದರೆ ಕೊಡಬಲ್ಲದು ಎಂಬುದನ್ನು.

ಪ್ಯಾರಾಸಿಟಮಾಲನ್ನು ಖಾಲಿ ಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದು. ಆರೋಗ್ಯವಂತ ವಯಸ್ಕರಿಗೆ ಒಮ್ಮೆಗೆ 500ರಿಂದ 1000 ಮಿಲಿಗ್ರಾಂ, ನಡುವೆ 4ರಿಂದ 6 ಗಂಟೆಗಳ ಅಂತರ. 24 ಗಂಟೆಗಳಲ್ಲಿ ಒಟ್ಟು 4 ಗ್ರಾಂ ಮೀರಬಾರದು. ಮೀರಿದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ, ಮತ್ತು ಮೊದಲ ದಿನ ಅದರ ಲಕ್ಷಣವೇ ಕಾಣದಿರಬಹುದು. ನೆಗಡಿ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಅಲ್ಲಿಯೂ ಅನೇಕ ವೇಳೆ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ನುಂಗುವವರು ಅರಿಯದೆಯೇ ಇಮ್ಮಡಿ ಪ್ರಮಾಣ ಸೇವಿಸುವುದು ಹೀಗೆ.

ಐಬುಪ್ರೊಫೆನ್ ಉರಿಯೂತವನ್ನೂ ತಗ್ಗಿಸುವುದರಿಂದ ಜ್ವರದ ಜೊತೆಗೆ ಊತವಿದ್ದಾಗ ಹೆಚ್ಚು ಉಪಯುಕ್ತ. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 1200 ಮಿಲಿಗ್ರಾಂ ದಾಟುವಂತಿಲ್ಲ, ಊಟದ ನಂತರ ತೆಗೆದುಕೊಳ್ಳುವುದು ಒಳ್ಳೆಯದು. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ, ವಾಂತಿಭೇದಿಯಿಂದ ನಿರ್ಜಲೀಕರಣಗೊಂಡವರಿಗೆ ಇದು ಸಲ್ಲದು. ಡೆಂಗಿಯ ಶಂಕೆಯಿದ್ದರಂತೂ ರಕ್ತಸ್ರಾವದ ಅಪಾಯದಿಂದಾಗಿ ಇದನ್ನು ಮುಟ್ಟಲೇಬಾರದು. ಹೀಗಾಗಿ ಕಾರಣ ತಿಳಿಯದ ಜ್ವರಕ್ಕೆ ನನ್ನ ಮೊದಲ ಆಯ್ಕೆ ಪ್ಯಾರಾಸಿಟಮಾಲೇ. ಯಕೃತ್ತಿನ ಕಾಯಿಲೆಯವರು ಮಾತ್ರ ಅದಕ್ಕೂ ವೈದ್ಯರನ್ನು ಕೇಳಬೇಕು.

ಮಕ್ಕಳಿಗೆ ಪ್ರಮಾಣ ನಿರ್ಧಾರವಾಗುವುದು ತೂಕದಿಂದ: ಪ್ಯಾರಾಸಿಟಮಾಲ್ ಒಮ್ಮೆಗೆ, ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. 5 ಮಿಲಿಲೀಟರ್ ಸಿರಪ್‌ನಲ್ಲಿ ಒಂದು ಬಾಟಲಿಯಲ್ಲಿ 120, ಇನ್ನೊಂದರಲ್ಲಿ 250 ಮಿಲಿಗ್ರಾಂ ಇರಬಹುದಾದ್ದರಿಂದ ಬಾಟಲಿಯ ಮೇಲಿನ ಬರಹ ಓದಿ ಲೆಕ್ಕ ಹಾಕಬೇಕು, ಅಳೆಯಲು ಅಡುಗೆಮನೆಯ ಚಮಚ ಬಿಟ್ಟು ಅಳತೆಯ ಮುಚ್ಚಳವನ್ನೇ ಬಳಸಬೇಕು. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. 3 ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ ಔಷಧಿ ಆರಿಸುತ್ತ ಕೂರದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.