ನದಿಯಿಂದ ಬಂದ ಏಂಜಲ್ ಮೀನಿಗೆ ಯಾವ ನೀರು? ಆಸಿಡ್, ಆರ್‌ಓ, ಮಳೆನೀರು ಹೋಲಿಕೆ

ಫಾರಂನಲ್ಲಿ ಹುಟ್ಟಿದ ಏಂಜಲ್ ಬೋರ್‌ವೆಲ್ ನೀರಲ್ಲೂ ಹೇಗೋ ಹೊಂದಿಕೊಳ್ಳುತ್ತದೆ. ನದಿಯಲ್ಲಿ ಬಲೆ ಹಾಕಿ ಹಿಡಿದು ತಂದದ್ದಕ್ಕೆ ಅದು ಆಗಿಬರುವುದಿಲ್ಲ. ಪೆರು, ಬ್ರೆಜಿಲ್ ಕಡೆಯ ಸ್ಕೇಲಾರೆಗೆ (ಸಾಮಾನ್ಯ ಏಂಜಲ್ ಜಾತಿ) ಪಿಎಚ್ 6ರಿಂದ 7, ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ, ಪಿಪಿಎಂ ಲೆಕ್ಕದಲ್ಲಿ) 100ರ ಆಸುಪಾಸು ಸಾಕು. ಒರಿನೊಕೊ ಮತ್ತು ಮೇಲಿನ ರಿಯೊ ನೀಗ್ರೊದ ಆಲ್ಟಮ್ ಎಂಬ ಏಂಜಲ್ ಜಾತಿ ಇನ್ನೂ ನಾಜೂಕು: ಪಿಎಚ್ 5ರ ಹತ್ತಿರ, ಲವಣ ಇಲ್ಲವೆನ್ನುವಷ್ಟು ಕಡಿಮೆ, ಶಾಖ 28-30 ಡಿಗ್ರಿ. ಮೊದಲ ಸಲ ವೈಲ್ಡ್ (ನದಿಯಿಂದ ಹಿಡಿದ) ಮೀನು ಸಾಕುವವರು ಆಲ್ಟಮ್‌ಗೆ ಕೈಹಾಕದಿರುವುದೇ ಒಳ್ಳೆಯದು.

ಇಲ್ಲಿನ ಲೆಕ್ಕವೆಲ್ಲ ಆರು ಸ್ಕೇಲಾರೆಗೆ, 4×1.5×2 ಅಡಿ ಟ್ಯಾಂಕಿಗೆ. ತುಂಬ ತುಂಬಿಸಿದರೆ 340 ಲೀಟರ್. ಮರಳು, ಕಟ್ಟಿಗೆ ಕಳೆದು ಸುಮಾರು 300. ಎತ್ತರ 2 ಅಡಿಗಿಂತ ಕಡಿಮೆಯಾದರೆ ಬೆಳೆದ ಮೀನಿನ ರೆಕ್ಕೆ ತಳಕ್ಕೆ ತಾಗುತ್ತದೆ.

ಮೂರು ನೀರು

ಅಂಗಡಿಯಲ್ಲಿ ಸಿಗುವ ‘ಪಿಎಚ್ ಡೌನ್’ ಆಸಿಡ್ ಬಾಟಲಿ ನೋಡಲು ಅಗ್ಗ, ಎಲ್ಲಕ್ಕಿಂತ ಮೋಸ. 800 ಟಿಡಿಎಸ್ ಬೋರ್ ನೀರಿಗೆ ಹನಿಹನಿ ಹಾಕಿ ರಾತ್ರಿ 6.4ಕ್ಕೆ ಇಳಿಸಿದ ಪಿಎಚ್, ಬೆಳಿಗ್ಗೆ ನೋಡಿದರೆ 7.6. ಗಡಸು ನೀರಿನ ಬೈಕಾರ್ಬನೇಟ್ ಆಸಿಡ್ ಅನ್ನು ನುಂಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ನೀರಲ್ಲಿ ಕರಗಿರುವಷ್ಟು ಹೊತ್ತು ಪಿಎಚ್ ಕೆಳಗೆ ಕಾಣುತ್ತದೆ, ಏರ್ ಪಂಪಿನ ಗುಳ್ಳೆ ಅದನ್ನು ಹೊರಗಟ್ಟಿದ ಮೇಲೆ ಮತ್ತೆ ಏರುತ್ತದೆ. ದಿನಾ ಹಾಕುತ್ತಾ ಹೋದರೆ ಒಂದು ದಿನ ಬೈಕಾರ್ಬನೇಟ್ ಮುಗಿದು ಪಿಎಚ್ ಒಂದೇ ಏಟಿಗೆ ಕುಸಿಯುತ್ತದೆ. ಇಷ್ಟೆಲ್ಲ ಮಾಡಿದರೂ ಲವಣ ಹಾಗೇ ಉಳಿದಿರುತ್ತದೆ. ಮೀನಿಗೆ ಬೇಕಿದ್ದದ್ದು ಕಡಿಮೆ ಲವಣ, ಮೀಟರಿನ ಮೇಲಿನ ಅಂಕಿಯಲ್ಲ. ಬಾಟಲಿಯಲ್ಲಿ ಫಾಸ್ಫಾರಿಕ್ ಆಸಿಡ್ ಇದ್ದರೆ ಪಾಚಿಗೆ ಗೊಬ್ಬರವೂ ಹಾಕಿದಂತಾಯಿತು.

ಆರ್‌ಓ ನೀರಿಗೆ ಕಷ್ಟ ಇರುವುದು ಬಕೆಟ್ ಹೊರುವುದರಲ್ಲಿ, ಫಲಿತಾಂಶದಲ್ಲಿ ಅಲ್ಲ. ಮೆಂಬ್ರೇನಿನಿಂದ ಬರುವ ನೀರು 25 ಟಿಡಿಎಸ್, ಬೋರ್ ನೀರು 800 ಇದ್ದರೆ, 180 ಲೀಟರ್ ಆರ್‌ಓಗೆ 20 ಲೀಟರ್ ಬೋರ್ ಸೇರಿಸಿದಾಗ 100ರ ಹತ್ತಿರ ನಿಲ್ಲುತ್ತದೆ. ಆ 20 ಲೀಟರ್ ಬಿಡಬೇಡಿ. ಬರೀ ಆರ್‌ಓದಲ್ಲಿ ಕೆಎಚ್ (ಬೈಕಾರ್ಬನೇಟಿನ ಗಡಸುತನ) ಇರುವುದಿಲ್ಲ, ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯ ತಿಂದು ಬಿಡುವ ಆಮ್ಲವನ್ನು ತಡೆಯುವವರಿಲ್ಲದೆ ಪಿಎಚ್ ಜಾರುತ್ತದೆ. ಕೆಎಚ್ 1ರಿಂದ 2 ಇಟ್ಟುಕೊಳ್ಳಿ. ಅಡುಗೆಮನೆಯ ಪ್ಯೂರಿಫೈಯರ್‌ನ ನಲ್ಲಿಯಿಂದ ಹಿಡಿಯುವವರು ಒಂದು ಸಂಗತಿ ಗಮನಿಸಬೇಕು: ಅನೇಕ ಮಾದರಿಗಳಲ್ಲಿ ಮಿನರಲ್ ಕಾರ್ಟ್ರಿಜ್, ಟಿಡಿಎಸ್ ಕಂಟ್ರೋಲರ್ ಇರುತ್ತದೆ, ಅದು ಸೋಸಿದ ನೀರಿಗೆ ಮತ್ತೆ ಲವಣ ಬೆರೆಸುತ್ತದೆ. ಪೈಪನ್ನು ಅದಕ್ಕಿಂತ ಮುಂಚೆಯೇ ಕವಲು ಮಾಡಿಸಿ. ವಾರಕ್ಕೆ ಶೇ 25 ಬದಲಿಸಿದರೆ 75 ಲೀಟರ್. ಒಂದಕ್ಕೆ ಮೂರರ ಲೆಕ್ಕದಲ್ಲಿ ಇನ್ನೂರು ಲೀಟರಿಗೂ ಮಿಕ್ಕಿ ವೇಸ್ಟ್ ನೀರು ಬರುತ್ತದೆ. ನೆಲ ಒರೆಸಲು, ಬಟ್ಟೆ ನೆನೆಸಲು ಒಂದು ಡ್ರಮ್ ಮೊದಲೇ ಇಟ್ಟುಕೊಳ್ಳದಿದ್ದರೆ ಮನೆಯಲ್ಲಿ ಜಗಳ ಖಾತ್ರಿ.

ಮಳೆನೀರು ಆರ್‌ಓಗೆ ಸಮ, ಕೆಲವೊಮ್ಮೆ ಮೇಲು: ಟಿಡಿಎಸ್ 10-20, ಖರ್ಚು ಸೊನ್ನೆ. ಮುಂಗಾರಿನ ಮೊದಲೆರಡು ಮಳೆ ಪೂರ್ತಿ ಬಿಟ್ಟು, ಆಮೇಲೂ ಪ್ರತಿ ಮಳೆಯ ಮೊದಲ ಹತ್ತು-ಹದಿನೈದು ನಿಮಿಷ ಬಿಟ್ಟು ಹಿಡಿಯಬೇಕು. ತಗಡಿನ ಶೀಟು, ಹೊಸದಾಗಿ ವಾಟರ್‌ಪ್ರೂಫಿಂಗ್ ಬಳಿದ ತಾರಸಿ ಬೇಡ. ಕಾರ್ಬನ್ ಮೂಲಕ ಹಾಯಿಸಿ, ಮುಚ್ಚಿದ ಡ್ರಮ್ಮಿನಲ್ಲಿಡಿ. ಇದಕ್ಕೂ ಅದೇ ಹತ್ತನೇ ಒಂದು ಪಾಲು ಬೋರ್ ನೀರು ಸೇರಬೇಕು. ಕರಾವಳಿಯಲ್ಲಿ ಮುರಕಲ್ಲಿನ ಬಾವಿ ಇರುವವರು ಆರ್‌ಓ ಕೊಳ್ಳುವ ಮೊದಲು ಬಾವಿಗೇ ಮೀಟರ್ ಅದ್ದಿ ನೋಡಿ. ಆ ನೀರು ಸಾಮಾನ್ಯವಾಗಿ ಮೆದುವಾಗಿಯೇ, ತುಸು ಹುಳಿಯಾಗಿಯೇ ಇರುತ್ತದೆ. ನದಿ ಸಮುದ್ರ ಸೇರುವ ಕಡೆ ಬೇಸಿಗೆಯಲ್ಲಿ ಉಪ್ಪೇರುತ್ತದೆ, ಅಷ್ಟೇ ಎಚ್ಚರ.

ನಮ್ಮ ಆಯ್ಕೆ: ಮಳೆಗಾಲದಲ್ಲಿ ಮಳೆನೀರು, ಉಳಿದಂತೆ ಆರ್‌ಓ, ಬಾಟಲಿ ಕಸದ ಬುಟ್ಟಿಗೆ.

ಎಲೆಯೋ ಪೀಟೋ

ನದಿನೀರಿನ ಕಂದು ಬಣ್ಣ, ತುಸು ಹುಳಿ ತರಲು ಎಲೆ. ರಸ್ತೆಬದಿಯ ಕಾಡುಬಾದಾಮಿಯ ಕೆಳಗೆ ತಾನಾಗಿ ಉದುರಿ ಕಂದುಗೆಂಪಾಗಿ ಒಣಗಿದ್ದನ್ನು ತೊಳೆದು, 50 ಲೀಟರಿಗೆ ಒಂದರಂತೆ ಹಾಕಿ. ಎರಡು-ಮೂರು ದಿನ ತೇಲಿ ಮುಳುಗುತ್ತದೆ, ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೂರು-ನಾಲ್ಕು ವಾರಕ್ಕೆ ಬರೀ ನರ ಉಳಿಯುತ್ತದೆ. ಆಗ ಬದಲಿಸಿ. ಹಸಿರೆಲೆ ಹಾಕಿದರೆ ಕೊಳೆಯುತ್ತದೆ. ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಸಸ್ಯಗಳ ಮಣ್ಣು) ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ನರ್ಸರಿಯಲ್ಲಿ ಸಿಗುವ ಕೋಕೋಪೀಟ್ ಪೀಟ್ ಅಲ್ಲ, ತೆಂಗಿನ ನಾರಿನ ಪುಡಿ. ಅದರಿಂದ ನೀರಿಗೆ ಇಳಿಯುವುದೂ ಲವಣವೇ.

ಫಿಲ್ಟರ್, ಹೀಟರ್, ತಳ

ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿ ಫಿಲ್ಟರ್) ನೀರನ್ನು ಕನ್ನಡಿಯಂತೆ ಇಡುತ್ತದೆ. ಆದರೆ ಕರೆಂಟ್ ನಾಲ್ಕೈದು ಗಂಟೆ ಹೋದರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ; ಕರೆಂಟ್ ಬಂದ ಕೂಡಲೇ ಆ ಕೊಳೆನೀರು ಟ್ಯಾಂಕಿಗೆ. ಸಂಪ್ (ಟ್ಯಾಂಕಿನ ಕೆಳಗಿಡುವ ಇನ್ನೊಂದು ಫಿಲ್ಟರ್ ಟ್ಯಾಂಕ್) ಇನ್ನೂ ಒಳ್ಳೆಯದು, ಆದರೆ ಕೊರೆದ ಗಾಜು, ಸದ್ದು, ದುಡ್ಡು. ಕಡಿಮೆ ಖರ್ಚಿನಲ್ಲಿ ಗೆದ್ದ ಜೋಡಿ: ಗಂಟೆಗೆ 1000 ಲೀಟರಿನ ಒಂದು ಕ್ಯಾನಿಸ್ಟರ್, ಸ್ಪ್ರೇ ಬಾರ್ ಗೋಡೆಯ ಕಡೆ ತಿರುಗಿಸಿ, ಜೊತೆಗೆ ಬ್ಯಾಟರಿ ಏರ್ ಪಂಪಿಗೆ ಜೋಡಿಸಿದ ಎರಡು ದೊಡ್ಡ ಸ್ಪಂಜ್ ಫಿಲ್ಟರ್. ಹೀಟರ್ 300 ವಾಟಿನದ್ದು ಒಂದರ ಬದಲು 150ರದ್ದು ಎರಡು. ಥರ್ಮೋಸ್ಟಾಟ್ ಅಂಟಿಕೊಂಡರೂ ಒಂದೇ ಹೀಟರ್ ಮೀನು ಬೇಯಿಸಲಾರದು. 27-28 ಡಿಗ್ರಿಗೆ ಇಡಿ.

ತಳಕ್ಕೆ ಜರಡಿ ಹಿಡಿದ ನುಣುಪು ಮರಳು, 2-3 ಸೆಂಟಿಮೀಟರ್. ಒಂದು ಚಮಚ ಮರಳಿಗೆ ವಿನೆಗರ್ ಬಿಟ್ಟಾಗ ನೊರೆ ಬಂದರೆ ಸುಣ್ಣ ಇದೆ, ಬೇಡ. ಎಂ-ಸ್ಯಾಂಡ್ ಮೊನಚು, ಧೂಳು ಮುಗಿಯುವುದೇ ಇಲ್ಲ.

ಫಿಲ್ಟರನ್ನು ಪಳಗಿಸುವುದು (ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಬೆಳೆಸುವುದು) ಮಾತ್ರ ಮೆದು ನೀರಲ್ಲಿ ಬೇಡ. ಪಿಎಚ್ 6ರ ಕೆಳಗೆ ಈ ಬ್ಯಾಕ್ಟೀರಿಯಾ ತೂಕಡಿಸುತ್ತವೆ. ಕ್ಲೋರಿನ್ ತೆಗೆದ ಸಾಮಾನ್ಯ ನೀರಲ್ಲಿ 2 ಪಿಪಿಎಂ ಅಮೋನಿಯ ಹಾಕುತ್ತಾ, 24 ಗಂಟೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾಗುವವರೆಗೆ ಕಾಯಿರಿ, ನಾಲ್ಕರಿಂದ ಆರು ವಾರ. ಆಮೇಲೆ ಮೂರು ವಾರದಲ್ಲಿ ನಿಧಾನವಾಗಿ ಆರ್‌ಓಗೆ ಇಳಿಸಿ.

ಚೀಲ ಬಿಚ್ಚುವ ಹೊತ್ತು

ಟ್ಯಾಂಕಿನ ನೀರನ್ನು ಚೀಲದ ನೀರಿಗೆ ಹನಿಹನಿಯಾಗಿ ಎರಡು ಗಂಟೆ ಡ್ರಿಪ್ ಮಾಡುವುದೇ ಸುರಕ್ಷಿತ ಎಂದು ಎಲ್ಲರೂ ಹೇಳುತ್ತಾರೆ. ಪಕ್ಕದ ಅಂಗಡಿಯಿಂದ ತಂದ ಮೀನಿಗೆ ಸರಿ. ಒಂದು ದಿನಕ್ಕಿಂತ ಹೆಚ್ಚು ಚೀಲದಲ್ಲಿದ್ದ ಮೀನಿಗೆ ಅದೇ ವಿಷ. ಚೀಲದೊಳಗೆ ಅಮೋನಿಯ ತುಂಬಿರುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಸುಮ್ಮನಿರುತ್ತದೆ. ಬಾಯಿ ಬಿಚ್ಚಿ ಗಾಳಿ ತಾಗಿದೊಡನೆ ಪಿಎಚ್ ಏರುತ್ತದೆ. 28 ಡಿಗ್ರಿಯಲ್ಲಿ ಪಿಎಚ್ 6ರಲ್ಲಿ ವಿಷರೂಪದ ಅಮೋನಿಯ ಶೇ 0.07, ಪಿಎಚ್ 7ರಲ್ಲಿ 0.7, 8ರಲ್ಲಿ 6ಕ್ಕೂ ಮೇಲೆ.

ಹಾಗಾಗಿ ಮಾರುವವರಿಂದ ಅವರ ನೀರಿನ ಟಿಡಿಎಸ್, ಪಿಎಚ್ ಮೊದಲೇ ಕೇಳಿ ತಿಳಿದು, ಬರಿ ತಳದ ಕ್ವಾರಂಟೈನ್ ಟ್ಯಾಂಕನ್ನು ಅದಕ್ಕೆ ಹೊಂದಿಸಿಡಿ. ಪಳಗಿದ ಸ್ಪಂಜುಗಳಲ್ಲಿ ಒಂದನ್ನು ಅಲ್ಲಿಗೆ ಸಾಗಿಸಿ. ಚೀಲವನ್ನು ಮುಚ್ಚಿದಂತೆಯೇ ಇಪ್ಪತ್ತು ನಿಮಿಷ ತೇಲಿಸಿ ಶಾಖ ಸಮ ಮಾಡಿ, ಬಿಚ್ಚಿ, ಮೀನನ್ನು ಮೆತ್ತನೆಯ ಡಬ್ಬಿಯಲ್ಲಿ ಎತ್ತಿ ಬಿಡಿ. ಚೀಲದ ನೀರು ಚರಂಡಿಗೆ. ಲೈಟ್ ಆರಿಸಿ, ಆ ದಿನ ಊಟ ಬೇಡ. ಮರುದಿನ ಫ್ರೋಜನ್ ಬ್ಲಡ್‌ವರ್ಮ್ ಹಾಕಿ, ಹಿಕ್ಕೆ ನೋಡಿ: ಬಿಳಿ ದಾರದಂತೆ ನೇತಾಡುತ್ತಿದ್ದರೆ ಕರುಳಿನಲ್ಲಿ ಪರಾವಲಂಬಿ ಇರುವ ಸಾಧ್ಯತೆ ಹೆಚ್ಚು. ನಾಲ್ಕು ವಾರ ಅಲ್ಲೇ ಇರಲಿ, ದೊಡ್ಡ ಟ್ಯಾಂಕ್ ಎಷ್ಟೇ ಸಿದ್ಧವಾಗಿದ್ದರೂ.